ಬಾಳೆಹಣ್ಣಿನ ರಾಶಿಯೂ ಇಪ್ಪತ್ತಮೂರು ದಾರಿಹೋಕರೂ

ಕಾಡಿನ ಅಂಚು. ನೇರಳೆ, ನಿಂಬೆ, ಹಲಸಿನ ಮರಗಳು ಹಣ್ಣಿನ ಭಾರಕ್ಕೆ ಬಾಗಿವೆ. ಗಿಳಿ, ಕೋಗಿಲೆಗಳ ದನಿ ಕೇಳುತ್ತಿದೆ. ತಾವರೆಗಳ ಸುತ್ತ ದುಂಬಿಗಳು ಸುಳಿದಾಡುತ್ತಿವೆ. ಅಲ್ಲಿಗೆ ದಣಿದು ಬಂದ 23 ದಾರಿಹೋಕರಿಗೆ ಬಾಳೆಹಣ್ಣಿನ 63 ರಾಶಿಗಳು ಸಿಗುತ್ತವೆ. ಎಲ್ಲ ರಾಶಿಗಳಲ್ಲೂ ಒಂದೇ ಸಂಖ್ಯೆಯ ಹಣ್ಣು. ಜೊತೆಗೆ ಬಿಡಿಯಾಗಿ 7 ಹಣ್ಣು. ಎಲ್ಲವನ್ನೂ ಒಟ್ಟುಗೂಡಿಸಿ ಸಮನಾಗಿ ಹಂಚಿಕೊಂಡರೆ ಒಂದೂ ಮಿಗಲಿಲ್ಲ. ಹಾಗಾದರೆ ಒಂದು ರಾಶಿಯಲ್ಲಿದ್ದ ಹಣ್ಣೆಷ್ಟು?

ಈ ಒಗಟಿಗೆ ಹೆಚ್ಚುಕಡಿಮೆ 1,150 ವರ್ಷ ವಯಸ್ಸು. ಇದನ್ನು ಹೆಣೆದವನು ಜೈನ ಗಣಿತಜ್ಞ ಮಹಾವೀರಾಚಾರ್ಯ, ಗ್ರಂಥ 'ಗಣಿತಸಾರಸಂಗ್ರಹ'. ಕಾಲ ಸುಮಾರು ಕ್ರಿ.ಶ. 850. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಆರಂಭದಲ್ಲೇ ಆತ ಸ್ತುತಿಸುತ್ತಾನೆ. ಸಂಗೀತ, ನಾಟಕ, ವೈದ್ಯ, ವಾಸ್ತು ಎಲ್ಲಕ್ಕೂ ಗಣಿತ ಬೇಕೆಂದು ಹೇಳುವಾಗ ಅಡುಗೆಯನ್ನೂ ಮರೆಯುವುದಿಲ್ಲ.

ಬಾಳೆಹಣ್ಣಿನ ಲೆಕ್ಕಕ್ಕೆ ಬೀಜಗಣಿತ ಬಾರದ ಮಗುವೂ ಉತ್ತರ ಹುಡುಕಬಹುದು. 63ನ್ನು 23ರಿಂದ ಭಾಗಿಸಿದರೆ 17 ಉಳಿಯುತ್ತದೆ. ಆದ್ದರಿಂದ ರಾಶಿಗೆ ಒಂದೇ ಹಣ್ಣಾದರೆ ಈ 17ಕ್ಕೆ ಬಿಡಿ 7 ಸೇರಿ 24. ಹಂಚಿದರೆ 1 ಮಿಗುತ್ತದೆ. ಎರಡಾದರೆ 18, ಮೂರಾದರೆ 12, ನಾಲ್ಕಾದರೆ 6 ಮಿಗುತ್ತವೆ. ಐದಾದಾಗ ಏನೂ ಮಿಗದು. ಒಟ್ಟು 322 ಹಣ್ಣು, ತಲಾ 14. ಹುಣಿಸೆ ಬೀಜಗಳನ್ನಿಟ್ಟು ಮಕ್ಕಳು ಇದನ್ನು ಮಾಡಿ ನೋಡಬಹುದು. ಮುಂದಿನ ಉತ್ತರ 28. ಅದರ ಮುಂದಿನದು ಮತ್ತೆ 23 ಹೆಚ್ಚು. ದೊಡ್ಡ ಸಂಖ್ಯೆಗಳನ್ನು ಭಾಗಿಸುತ್ತ ಭಾಗಿಸುತ್ತ ಪುಡಿ ಮಾಡುವ ಈ ಬಗೆಯ ಗಣಿತಕ್ಕೆ ಹಳಬರು 'ಕುಟ್ಟಕ' ಎಂದರು. ಕನ್ನಡಿಗರಿಗೆ ಒನಕೆ ನೆನಪಾದರೆ ತಪ್ಪಲ್ಲ.

ಮಹಾವೀರನಿಗೆ ಸಂಖ್ಯೆಗಳ ಅಂದದ ಮೇಲೂ ಮೋಹ. ಕೆಲವು ಗುಣಲಬ್ಧಗಳನ್ನು ಆತ ಕೊರಳ ಹಾರಕ್ಕೆ ಹೋಲಿಸುತ್ತಾನೆ. ಯಾವ ತುದಿಯಿಂದ ಓದಿದರೂ ಅವು ಒಂದೇ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ 12345654321. ಕ್ಯಾಲ್ಕುಲೇಟರ್ ಬದಿಗಿಟ್ಟು ಕಾಗದದ ಮೇಲೆ ಮಾಡಿದರೇ ಇದರ ಸೊಗಸು.

ಆಟದ ನಡುವೆಯೇ ಗಂಭೀರ ಗಣಿತವೂ ಇದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳಿಂದ ಎಷ್ಟು ಬಗೆ ಮಾಡಬಹುದು? ಒಂಟಿಯಾಗಿ 6, ಎರಡೆರಡು ಸೇರಿಸಿ 15, ಮೂರರಿಂದ 20, ನಾಲ್ಕರಿಂದ 15, ಐದರಿಂದ 6, ಆರೂ ಸೇರಿ 1. ಒಟ್ಟು 63. ಎಷ್ಟೇ ವಸ್ತುಗಳಿದ್ದರೂ ಅನ್ವಯವಾಗುವ ಸಾಮಾನ್ಯ ಸೂತ್ರವನ್ನೇ ಆತ ಕೊಟ್ಟಿದ್ದಾನೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದು ಎಡವಿದ. ಈ ತಪ್ಪನ್ನೂ ಮಕ್ಕಳಿಗೆ ಹೇಳಬೇಕು. ಪ್ರಾಚೀನರು ಎಲ್ಲವನ್ನೂ ಅರಿತಿದ್ದರೆಂದು ಹೇಳುವುದು ಗಣಿತವಲ್ಲ.

ಇಷ್ಟಾದರೂ ಮೂರು ಶತಮಾನ ಅನಂತರ ಬಂದ ಭಾಸ್ಕರಾಚಾರ್ಯನ 'ಲೀಲಾವತಿ'ಗೆ ಸಿಕ್ಕಿದ ಜನಪ್ರಿಯತೆ ಇದಕ್ಕೆ ಸಿಗಲಿಲ್ಲ. ಗ್ರಂಥ ಸಂಸ್ಕೃತದ್ದು. ಅದನ್ನು 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದನಾದರೂ ಮಹಾವೀರನ ಗ್ರಂಥ ಬಹುಕಾಲ ತಾಳೆಗರಿಗಳಲ್ಲೇ ಉಳಿಯಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ್ದು 1912ರಲ್ಲಿ. ಆ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ. ನೃಪತುಂಗನ ಹೆಸರನ್ನು ರಸ್ತೆಗೆ ಇಟ್ಟ ನಾಡು, ಅವನನ್ನು ಹೊಗಳಿದ ಪುಸ್ತಕದ ಒಗಟುಗಳನ್ನು ಮಕ್ಕಳ ಕೈಗಿಡಲು ಇಷ್ಟು ತಡ ಮಾಡಬೇಕಿರಲಿಲ್ಲ.

ಅದೇ ಗ್ರಂಥದ ಇನ್ನೊಂದು ಲೆಕ್ಕ ಮನೆಯಲ್ಲಿ ಬಿಡಿಸಲಿಕ್ಕೆ. ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲ ಸಿಕ್ಕಿತು. "ಇದು ನನಗಾದರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನಲ್ಲಿರುತ್ತದೆ" ಎಂದ ಮೊದಲನೆಯವ. "ನನಗಾದರೆ ಮೂರರಷ್ಟು" ಎಂದ ಎರಡನೆಯವ. "ನನಗಾದರೆ ಐದರಷ್ಟು" ಎಂದ ಮೂರನೆಯವ. ಚೀಲದಲ್ಲಿ ಎಷ್ಟಿತ್ತು, ಯಾರ ಕೈಯಲ್ಲಿ ಎಷ್ಟಿತ್ತು?

(ಉತ್ತರ: ಚೀಲದಲ್ಲಿ 15, ವರ್ತಕರ ಬಳಿ ಕ್ರಮವಾಗಿ 1, 3, 5. ಇವೆಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೂ ಲೆಕ್ಕ ಸರಿಹೊಂದುತ್ತದೆ.)