ಲೆಕ್ಕದ ಮೇಷ್ಟ್ರು ಹತ್ತಿಸಿದ ಬಸ್ಸು

ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದ ನಾನು, ಇಂಗ್ಲಿಷ್ ಪಾಠ ಅರ್ಥವಾಗದೆ ಮೊದಲ ವರ್ಷವೇ ಟ್ರಂಕು ಕಟ್ಟಿಕೊಂಡು ಊರಿಗೆ ಮರಳಿದ್ದೆ. "ಲೆಕ್ಕಕ್ಕೆ ಯಾವ ಭಾಷೆಯೋ? ಹೋಗಿ ಓದು" ಎಂದು ಗದರಿ ಬಸ್ಸು ಹತ್ತಿಸಿದವರು ನಮ್ಮ ಗಣಿತದ ಮೇಷ್ಟ್ರು. ಅವರ ಮಾತು ನಿಜವೆಂದು ತಿಳಿದದ್ದು ನಾನು ಇಂದು ಬೋಧಿಸುವ, ಸಂಶೋಧನೆ ನಡೆಸುವ ವಿಷಯದ ಚರಿತ್ರೆಯಿಂದ.

ಬೆಳಕೂ ವಿದ್ಯುತ್ಕಾಂತ ಅಲೆಯೇ ಎಂದು ಮ್ಯಾಕ್ಸ್‌ವೆಲ್ 1865ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಆದರೆ ಅವರ ಸಮೀಕರಣಗಳನ್ನು ಗೋಳ, ಕೊಳವೆಯಂಥ ಸರಳ ಆಕಾರಗಳಿಗಷ್ಟೇ ಕೈಯಲ್ಲಿ ಪೂರ್ತಿ ಬಿಡಿಸಬಹುದಿತ್ತು. ವಿಮಾನದ ಮೈಗೆ ರಾಡಾರ್ ಅಲೆ ಬಡಿದರೆ ಏನಾದೀತೆಂಬ ಲೆಕ್ಕ ಕೈಗೆಟುಕುತ್ತಿರಲಿಲ್ಲ. 1966ರಲ್ಲಿ ಕೇನ್ ಯೀ ಒಂದು ದಾರಿ ತೋರಿದರು. ಜಾಗವನ್ನು ಚೌಕಾಬಾರದ ಮನೆಗಳಂತೆ ಪುಟ್ಟ ಘನಗಳಾಗಿ, ಕಾಲವನ್ನು ಕಿರುಹೆಜ್ಜೆಗಳಾಗಿ ಭಾಗಿಸುವುದು. ಒಂದು ಮನೆಯ ವಿದ್ಯುತ್ ಕ್ಷೇತ್ರದ ಹೊಸ ಬೆಲೆ, ಅದರ ಹಳೆಯ ಬೆಲೆಯಿಂದಲೂ ನೆರೆಯ ಕಾಂತಕ್ಷೇತ್ರಗಳ ವ್ಯತ್ಯಾಸದಿಂದಲೂ ಸಿಗುತ್ತದೆ. ಅರ್ಧ ಹೆಜ್ಜೆ ಮುಂದೆ ಕಾಂತಕ್ಷೇತ್ರದ ಸರದಿ. ಕೂಡುವುದು, ಕಳೆಯುವುದು, ಗುಣಿಸುವುದು ಅಷ್ಟೇ. ಆದರೆ ಕೋಟಿಗಟ್ಟಲೆ ಸಲ. ಅದಕ್ಕೇ ಕಂಪ್ಯೂಟರ್ ಬೇಕು.

ಗಣಿತದಿಂದ ಈ ಕ್ಷೇತ್ರಕ್ಕೆ ಬಂದ ಹಿರಿಯರು ನಮ್ಮ ನಾಡಿನಲ್ಲೇ ಇದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿಯವರು, ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ. ಪಡೆದು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ, ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ದುಡಿದರು.

ನನ್ನ ವಿದ್ಯಾರ್ಥಿಗಳು ಕಂಪ್ಯೂಟರ್ ಮುಟ್ಟುವ ಮುನ್ನ ಗ್ರಾಫ್ ಹಾಳೆಯ ಮೇಲೆ ಹತ್ತು ಹೆಜ್ಜೆ ಕೈಲೆಕ್ಕ ಮಾಡಬೇಕು. ಹಳ್ಳಿಯಿಂದ ಬಂದು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂತವರು, ಅಲೆ ತಮ್ಮ ಪೆನ್ಸಿಲ್ಲಿನಡಿಯೇ ಮುಂದೆ ಸಾಗಿದ್ದು ಕಂಡು ತಲೆಯೆತ್ತುತ್ತಾರೆ. ಆಗೆಲ್ಲ ನನಗೆ ಆ ಬಸ್ಸು ನೆನಪಾಗುತ್ತದೆ.