ಅರಿವಳಿಕೆಯ ಆಳ ಮತ್ತು ಮಿದುಳಿನ ಶ್ರವಣ ಪ್ರತಿಕ್ರಿಯೆ

ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ಕಿವಿಗೆ ಇಯರ್‌ಫೋನಿನಿಂದ ಸಣ್ಣ ‘ಟಿಕ್’ ಸದ್ದುಗಳನ್ನು ಕೇಳಿಸಿ, ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಗಳಿಂದ ಅರಿವಳಿಕೆ ಎಷ್ಟು ಆಳವಾಗಿದೆಯೆಂದು ಅಂದಾಜಿಸುವ ವಿಧಾನವಿದು. 1942ರಲ್ಲಿ ಮಾಂಟ್ರಿಯಲ್‌ನ ಹೆರಾಲ್ಡ್ ಗ್ರಿಫಿತ್ ಶಸ್ತ್ರಚಿಕಿತ್ಸೆಯಲ್ಲಿ ಕ್ಯುರಾರೆ ಬಳಸಿದ ಮೇಲೆ ಸ್ನಾಯು ಸಡಿಲಿಸುವ ಔಷಧಗಳು ರೂಢಿಗೆ ಬಂದವು. ಅಲ್ಲಿಂದಾಚೆಗೆ, ರೋಗಿ ಅಲುಗದೆ ಮಲಗಿದ್ದಾನೆ ಎಂದ ಮಾತ್ರಕ್ಕೆ ಅವನಿಗೆ ಎಚ್ಚರವಿಲ್ಲ ಎನ್ನುವಂತಿಲ್ಲ. ಎಚ್ಚರವಿದ್ದೂ ಬೆರಳೆತ್ತಲಾಗದ ಆ ಸ್ಥಿತಿ ಅಪರೂಪದ್ದು, ಆದರೆ ಅನುಭವಿಸಿದವರನ್ನು ವರ್ಷಗಟ್ಟಲೆ ಕಾಡಬಲ್ಲದು.

ಸದ್ದು ಬಿದ್ದ ಮೊದಲ 10 ಮಿಲಿಸೆಕೆಂಡಿನ ಅಲೆಗಳು ಶ್ರವಣ ನರ ಮತ್ತು ಮಿದುಳುಕಾಂಡಕ್ಕೆ ಸೇರಿದವು. ಅರಿವಳಿಕೆ ಔಷಧ ಇವನ್ನು ಹೆಚ್ಚು ಬಾಧಿಸದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನಿದ್ದೆಹೋದ ಕೂಸಿಗೂ ಮಿದುಳುಕಾಂಡದ ಈ ಅಲೆಗಳನ್ನು ಅಳೆಯುವ ‘ಬೇರಾ’ ಶ್ರವಣ ಪರೀಕ್ಷೆ ಮಾಡಲು ಬರುವುದು ಈ ಗುಣದಿಂದಲೇ. ಸುಮಾರು 10ರಿಂದ 100 ಮಿಲಿಸೆಕೆಂಡಿನೊಳಗೆ ಬರುವ ‘ಪಿಎ’, ‘ಎನ್‌ಬಿ’ ಮೊದಲಾದ ಅಲೆಗಳ ಸ್ವಭಾವ ಬೇರೆ. ಅವು ಮುಖ್ಯವಾಗಿ ಮಿದುಳಿನ ಹೊರಪದರದಿಂದ ಬರುತ್ತವೆ. ಪ್ರೊಪೊಫಾಲ್, ಐಸೊಫ್ಲುರೇನ್‌ನಂಥ ಅರಿವಳಿಕೆ ಔಷಧಗಳ ಪ್ರಮಾಣ ಏರಿದಂತೆ ಕುಗ್ಗಿ, ತಡವಾಗಿ, ಎಚ್ಚರ ಮರಳಿದಂತೆ ಮೊದಲಿನ ಸ್ಥಿತಿಗೆ ಬರುತ್ತವೆ.

ಅಲೆಯ ಎತ್ತರ ಒಂದು ಮೈಕ್ರೋವೋಲ್ಟ್‌ನ ಆಸುಪಾಸು. ಮಿದುಳಿನ ಉಳಿದ ವಿದ್ಯುತ್ ಚಟುವಟಿಕೆಯ (ಇಇಜಿ) ಗದ್ದಲದಿಂದ ಅದನ್ನು ಹೆಕ್ಕಲು ನೂರಾರು ಪ್ರತಿಕ್ರಿಯೆಗಳ ಸರಾಸರಿ ಬೇಕು. ಅಷ್ಟರಲ್ಲಿ ಅಮೂಲ್ಯ ಸಮಯ ಕಳೆಯುತ್ತದೆ. ಡೆನ್ಮಾರ್ಕಿನ ‘ಎ-ಲೈನ್’ ಯಂತ್ರ ಗಣಿತ ಮಾದರಿಯಿಂದ ಈ ವಿಳಂಬ ತಗ್ಗಿಸಿ, 0ರಿಂದ 100ರೊಳಗಿನ ಸೂಚ್ಯಂಕ ಕೊಟ್ಟಿತು. ಅಲೆಯ ಎತ್ತರ, ತಡಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿ ಆಳವನ್ನು ಊಹಿಸುವುದೂ ಸಾಧ್ಯ. ಆದರೆ ಒಂದು ಔಷಧದಲ್ಲಿ ಕಲಿತದ್ದು ಇನ್ನೊಂದಕ್ಕೆ ಒಗ್ಗದು: ಕೆಟಮಿನ್ ಕೊಟ್ಟ ರೋಗಿಗೆ ಅರಿವಿಲ್ಲದಿದ್ದರೂ ಅಲೆಗಳು ಹೆಚ್ಚು ಬದಲಾಗವು.

ಎಲ್ಲ ಶಸ್ತ್ರಚಿಕಿತ್ಸೆಗೂ ಇದು ಬೇಕಾಗದು. ಬಾಗಲಕೋಟೆ, ಬಾದಾಮಿ, ಹುನಗುಂದದಂಥ ಊರುಗಳ ಆಸ್ಪತ್ರೆಗಳಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಸಿಸೇರಿಯನ್‌ನಲ್ಲಿ ತಾಯಿ ಎಚ್ಚರವಾಗಿಯೇ ಇರುವುದರಿಂದ ಈ ಅಳತೆ ಬೇಕಿಲ್ಲ. ಪೂರ್ಣ ಅರಿವಳಿಕೆಯಲ್ಲಿ ಮಾತ್ರ ಇದರ ಪ್ರಶ್ನೆ ಬರುತ್ತದೆ. ಅಲ್ಲಿಯೂ ಮೊದಲು ವಿಚಾರಿಸಬೇಕಾದ್ದು ರೋಗಿಯ ಕಿವಿ. ಇಳಕಲ್‌ನ ಗ್ರಾನೈಟ್ ಗಣಿಗಳಲ್ಲಿ ಕಲ್ಲು ಕೊರೆಯುವ ಡ್ರಿಲ್ಲಿನಂಥ ಅಬ್ಬರದ ಸದ್ದಿನಲ್ಲಿ ವರ್ಷಾನುಗಟ್ಟಲೆ ದುಡಿದವರಿಗೆ 4000 ಹರ್ಟ್ಸ್‌ ಸುತ್ತಲಿನ ಶ್ರವಣಶಕ್ತಿ ಮೊದಲು ಕುಂದುತ್ತದೆ. ಅಂಥವರಿಗೆ ‘ಟಿಕ್’ ಸದ್ದು ಸರಿಯಾಗಿ ಮುಟ್ಟದೆ ಅಲೆ ಸಣ್ಣದಾದರೆ ಯಂತ್ರ ಅದನ್ನು ಆಳದ ಅರಿವಳಿಕೆಯೆಂದೇ ತೋರಿಸಬಹುದು; ಅದನ್ನು ನಂಬಿ ಔಷಧ ತಗ್ಗಿಸಿದರೆ ರೋಗಿಗೆ ಎಚ್ಚರವಾದೀತು. ಆದ್ದರಿಂದ ಅರಿವಳಿಕೆಗೆ ಮುನ್ನವೇ ಎಚ್ಚರದ ಸ್ಥಿತಿಯ ಅಲೆಯನ್ನು ದಾಖಲಿಸಬೇಕು. ಮಿದುಳುಕಾಂಡದ ಐದನೇ ಅಲೆ ಕಾಣುತ್ತಿದ್ದರೆ ಸದ್ದು ಒಳಗೆ ತಲುಪುತ್ತಿದೆ ಎಂದರ್ಥ. ಅದು ಕಾಣದಿದ್ದಾಗ ಸೂಚ್ಯಂಕವನ್ನು ನಂಬದೆ ನಾಡಿ, ರಕ್ತದೊತ್ತಡ, ಉಸಿರಿನಲ್ಲಿರುವ ಅರಿವಳಿಕೆ ಅನಿಲದ ಪ್ರಮಾಣ ನೋಡಿಯೇ ಔಷಧ ನಿರ್ಧರಿಸಬೇಕಾಗುತ್ತದೆ.