ರಾತ್ರಿ ಬಿಡಾರ ಎಲ್ಲಿ?

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಇಂದು ಹೋಗುವವರ ಕಣ್ಣಿಗೆ ಬೀಳುವುದು ಆಸ್ಪತ್ರೆಗಳು, ಹೊಸ ಬಡಾವಣೆಗಳು, ನವುಲೆಯ ಕೃಷಿ ಕಾಲೇಜು, ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜು. ನಗರ ದಾಟಿ ಅಬ್ಬಲಗೆರೆಯ ಮೇಲೆ ಸಾಗಿದರೆ ಮುಂದೆ ಸವಳಂಗ. ಅಲ್ಲಿಂದ ಒಂದು ದಾರಿ ಶಿಕಾರಿಪುರಕ್ಕೆ, ಇನ್ನೊಂದು ನ್ಯಾಮತಿ, ಹೊನ್ನಾಳಿಗಳ ಕಡೆಗೆ. ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಮುಗಿಯುವ ಶಿವಮೊಗ್ಗ-ಸವಳಂಗ ಪ್ರಯಾಣಕ್ಕೆ ಎತ್ತಿನ ಗಾಡಿಯ ಕಾಲದಲ್ಲಿ ಒಂದಿಡೀ ದಿನ ಹಿಡಿಯುತ್ತಿತ್ತು. ಹೇರು ಹೊತ್ತ ಎತ್ತುಗಳಾದರೆ ಎರಡು ದಿನವೂ ಆಗುತ್ತಿತ್ತು.

ಆ ಕಾಲದ ಪ್ರಯಾಣಿಕನಿಗೆ ದೂರವೇ ದೊಡ್ಡ ಚಿಂತೆಯಾಗಿರಲಿಲ್ಲ. ದೂರವನ್ನು ಎತ್ತುಗಳು ನೋಡಿಕೊಳ್ಳುತ್ತಿದ್ದವು. ಹೊತ್ತು ಇಳಿದ ಮೇಲೆ ಕೊರಳು ಬಿಚ್ಚುವುದು ಎಲ್ಲಿ, ಒಲೆ ಹೂಡುವುದು ಎಲ್ಲಿ, ಹೆಂಗಸರು ಮಕ್ಕಳು ನಿರ್ಭಯವಾಗಿ ಮಲಗುವುದು ಎಲ್ಲಿ ಎಂಬುದೇ ಚಿಂತೆ. ಇಂದು ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಆಸ್ಟ್ರೇಲಿಯಾದ ಹೆದ್ದಾರಿಗಳಲ್ಲಿ ಕಡಿಮೆ ಖರ್ಚಿನ ಪ್ರವಾಸ ಹೊರಟವರನ್ನು ಕಾಡುವುದೂ ಇದೇ ಪ್ರಶ್ನೆ.

ಆಸ್ಟ್ರೇಲಿಯಾದ ಸುತ್ತ ಬಳಸಿ ಬರುವ ಒಂದನೇ ಹೆದ್ದಾರಿಯ ಉದ್ದ ಸುಮಾರು 14,500 ಕಿ.ಮೀ. ನಿತ್ಯ ಹೋಟೆಲಿನಲ್ಲಿ ತಂಗುತ್ತ ಇಷ್ಟು ದೂರ ಸುತ್ತುವುದು ಸಾಮಾನ್ಯರ ಕೈಗೆ ಎಟಕುವ ಮಾತಲ್ಲ. ಅದಕ್ಕಾಗಿ ಯುವಜನರು ಹಳೆಯ ವ್ಯಾನೊಂದನ್ನು ಕೊಳ್ಳುತ್ತಾರೆ. ಹಿಂದೆ ಹಾಸಿಗೆ, ಪಕ್ಕದಲ್ಲಿ ಗ್ಯಾಸ್ ಒಲೆ, ನೀರಿನ ಕ್ಯಾನು, ನಾಲ್ಕು ಪಾತ್ರೆ, ಇಷ್ಟೇ ಸಂಸಾರ. ದಾರಿಯಲ್ಲಿ ತೋಟಗಳಲ್ಲಿ ಹಣ್ಣು ಕೊಯ್ದು ಖರ್ಚಿಗೆ ಸಂಪಾದಿಸುತ್ತಾರೆ. ಪ್ರವಾಸ ಮುಗಿದಾಗ ವ್ಯಾನನ್ನು ಮುಂದಿನವರಿಗೆ ಮಾರಿ ಊರಿಗೆ ಹೊರಡುತ್ತಾರೆ. ಹೀಗೆ ಕೆಲಸ ಮಾಡುತ್ತ ತಿರುಗಾಡಲು ಅನುಮತಿ ಕೊಡುವ ವೀಸಾ 2024ರ ಅಕ್ಟೋಬರ್‌ನಿಂದ ಭಾರತೀಯರಿಗೂ ತೆರೆದಿದೆ. 18ರಿಂದ 30 ವರ್ಷದೊಳಗಿನ, ವರ್ಷಕ್ಕೆ 1,000 ಮಂದಿಗೆ, ಲಾಟರಿಯ ಮೂಲಕ ಅದು ಸಿಗುತ್ತದೆ.

ಮನೆಯನ್ನೇ ಜೊತೆಗೆ ಒಯ್ಯುವ ಈ ಪದ್ಧತಿಯನ್ನು ಹೊಸ ಕಾಲದ ಶೋಕಿ ಎಂದು ಭಾವಿಸುವವರುಂಟು. ಶೋಕಿಯಾಗಿ ಅದು ಹೊಸದೇ. ಬದುಕಾಗಿ ಬಹಳ ಹಳೆಯದು. ಅದರ ಒಂದು ದೊಡ್ಡ ಅಧ್ಯಾಯ ಸವಳಂಗ ರಸ್ತೆಯ ಸೀಮೆಯಲ್ಲೇ ಇದೆ.

ಶೋಕಿಯ ಮೂಲ

ಮೋಜಿಗಾಗಿ ಮನೆ-ಗಾಡಿ ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್. 1885ರಲ್ಲಿ ಆತ ‘ವಾಂಡರರ್’ ಎಂಬ ಗಾಡಿಗೆ ಎರಡು ಕುದುರೆ ಹೂಡಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಗಾಡಿ ಹೊಡೆಯಲು ಒಬ್ಬ, ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗಲು ಇನ್ನೊಬ್ಬ ಆಳು. ಗಾಡಿಯ ಕಲ್ಪನೆ ಅವನಿಗೆ ಬಂದದ್ದು ಅಲ್ಲಿನ ಅಲೆಮಾರಿಗಳಾದ ರೋಮಾ ಜನರ ಬಂಡಿಗಳಿಂದ. ಈ ರೋಮಾ ಜನರ ಪೂರ್ವಿಕರು ಸುಮಾರು 1,000 ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗ ಬಿಟ್ಟು ಹೊರಟವರೆಂಬುದು ಅವರ ಭಾಷೆಯಿಂದ ತಿಳಿಯುತ್ತದೆ. 1950ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನ್ ಬಂತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಲಗುವ, ಅಡುಗೆ ಮಾಡುವ ಅನುಕೂಲ ಸೇರಿಸಿತು. ಇಂದಿನ ವ್ಯಾನುಗಳೆಲ್ಲ ಆ ಮನೆತನದವು.

ಆಸ್ಟ್ರೇಲಿಯಾದ ದಾರಿಗಳಿಗೂ ಭಾರತೀಯರು ಹೊಸಬರಲ್ಲ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಪಂಜಾಬ್, ಸಿಂಧ್‌ಗಳ ಕಡೆಯಿಂದ ಹೋದವರು ಅಲ್ಲಿನ ಒಂಟಿ ಹೊಲಮನೆಗಳಿಗೆ ಬಟ್ಟೆ, ಸೂಜಿ-ದಾರ, ಮಸಾಲೆ ಮಾರುತ್ತ ತಿರುಗಿದರು. ಮೊದಲು ಬೆನ್ನಮೇಲೆ ಗಂಟು, ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಮುಚ್ಚಿದ ಕುದುರೆಗಾಡಿ. ಅಂಗಡಿಯೂ ಅದೇ, ಮಲಗುವ ಮನೆಯೂ ಅದೇ.

ಎತ್ತಿನ ಬೆನ್ನ ಮೇಲೆ ಸಂಸಾರ

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಬಂಜಾರರ, ಅಂದರೆ ಕನ್ನಡ ನಾಡು ಲಂಬಾಣಿಗಳೆಂದು ಕರೆಯುವ ಸಮುದಾಯದ, ಪುಣ್ಯಕ್ಷೇತ್ರ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಇಲ್ಲಿ ಹುಟ್ಟಿದರೆಂಬುದು ಸಮುದಾಯದ ನಂಬಿಕೆ. ಪ್ರತಿ ವರ್ಷ ಫೆಬ್ರವರಿಯ ಜಯಂತಿಗೆ ಮಾಲಾಧಾರಿಗಳು ದೂರದೂರದಿಂದ ಇಲ್ಲಿಗೆ ಬರುತ್ತಾರೆ. ಸ್ಥಿರವಾದ ಮನೆ ಇಲ್ಲದೆ ತಲೆಮಾರುಗಟ್ಟಲೆ ದಾರಿಯಲ್ಲೇ ಬದುಕಿದ ಜನಕ್ಕೆ ಈ ಕಾಡಂಚಿನ ನೆಲವೇ ತವರಾಯಿತು.

ಲಂಬಾಣಿಗಳ ಕಸುಬು ಸಾಗಾಟ. ದವಸ, ಉಪ್ಪುಗಳನ್ನು ಎತ್ತಿನ ಮೇಲೆ ಹೇರಿ ಸೀಮೆಯಿಂದ ಸೀಮೆಗೆ ಒಯ್ಯುವುದಕ್ಕೆ ಅವರು ‘ಲದೇಣಿ’ ಎನ್ನುತ್ತಿದ್ದರು. ಗಾಡಿ ಓಡಾಡುವ ದಾರಿಗಳಿಲ್ಲದ ಮಲೆನಾಡಿಗೆ ಕರಾವಳಿಯ ಉಪ್ಪು ಘಟ್ಟ ಹತ್ತಿ ಬರಬೇಕಾದರೆ ಹೇರೆತ್ತೇ ಗತಿ. ಎತ್ತಿನ ಬೆನ್ನಿನ ಎರಡೂ ಮಗ್ಗುಲಿಗೆ ಜೋತುಬೀಳುವ ಹಸುಬೆ ಚೀಲ, ಮುಂದೆ ಕೊರಳ ಗಂಟೆ ಕಟ್ಟಿದ ಮುಂದಾಳು ಎತ್ತು, ಹಿಂದೆ ಹೆಂಡಿರು, ಮಕ್ಕಳು, ಮುದುಕರು, ನಾಯಿಗಳು. ಇಡೀ ತಾಂಡಾ ಒಟ್ಟಿಗೆ ನಡೆಯುತ್ತಿತ್ತು. ನಾಯಕ ದಾರಿ ನಿಶ್ಚಯಿಸುತ್ತಿದ್ದ. ಇಳಿಯುವ ಜಾಗವನ್ನೂ ಅವನೇ ಗೊತ್ತುಮಾಡುತ್ತಿದ್ದ.

1632ರಲ್ಲಿ ಆಗ್ರಾದಿಂದ ಪಟ್ನಾಕ್ಕೆ ಹೊರಟಿದ್ದ ಇಂಗ್ಲಿಷ್ ವರ್ತಕ ಪೀಟರ್ ಮಂಡಿ ದಾರಿಯಲ್ಲಿ ಇಂಥ ಒಂದು ತಾಂಡಾವನ್ನು ಕಂಡು ಬರೆದಿಟ್ಟಿದ್ದಾನೆ. ಅದರಲ್ಲಿ ಇದ್ದದ್ದು ಧಾನ್ಯ ಹೊತ್ತ 14,000 ಎತ್ತುಗಳು. ಹೆಂಡಿರು ಮಕ್ಕಳ ಸಮೇತ ಸಾಗುವ ಅವರು ದಿನಕ್ಕೆ 6-7 ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ, ಬಯಲಲ್ಲೇ ತಂಗುತ್ತಿದ್ದರು.

ದಿನಕ್ಕೆ 6-7 ಮೈಲಿ ಎಂಬುದು ಸೋಮಾರಿತನದ ಲೆಕ್ಕವಲ್ಲ, ವ್ಯಾಪಾರದ ಲೆಕ್ಕ. ಅಷ್ಟು ನಡೆದು ನಿಂತರೆ ಉಳಿದ ಹೊತ್ತಿನಲ್ಲಿ ಎತ್ತುಗಳು ದಾರಿ ಬದಿಯ ಹುಲ್ಲು ಮೇಯುತ್ತವೆ. ಮೇವಿಗೆ ಕಾಸಿಲ್ಲ, ಇಳಿಯಲು ಬಾಡಿಗೆಯಿಲ್ಲ, ಆಳಿಗೆ ಕೂಲಿಯಿಲ್ಲ. ಇಡೀ ಸಂಸಾರವೇ ದುಡಿಯುತ್ತದೆ. ಆದ್ದರಿಂದಲೇ ದೂರದ ಸೀಮೆಗೆ ದವಸ ಒಯ್ದು ಮಾರಿದರೂ ಅವರಿಗೆ ಗಿಟ್ಟುತ್ತಿತ್ತು. ಎತ್ತು ಎಷ್ಟು ಮುಖ್ಯವೋ ದಾರಿಯ ಪಕ್ಕದ ಹುಲ್ಲುಗಾವಲೂ ಅಷ್ಟೇ ಮುಖ್ಯವಾಗಿತ್ತು.

ಈ ಲೆಕ್ಕದ ಬೆಲೆ ಸೈನ್ಯಗಳಿಗೂ ಗೊತ್ತಿತ್ತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದಿದ್ದ ಕಾರ್ನ್‌ವಾಲಿಸ್ ದವಸವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಬಂಜಾರರು ಮುಖ್ಯರು. 1799ರ ಕೊನೆಯ ಮುತ್ತಿಗೆಯಲ್ಲೂ ಅವರ ಎತ್ತುಗಳಿದ್ದವು.

ಜಾತ್ರೆಗೆ ಹೊರಟ ಗಾಡಿ

ಊರಲ್ಲಿ ನೆಲೆ ನಿಂತ ಒಕ್ಕಲು ಮಕ್ಕಳಿಗೂ ವರ್ಷಕ್ಕೊಮ್ಮೆ ಇಂಥ ಪ್ರಯಾಣವಿತ್ತು. ಸುಗ್ಗಿ ಮುಗಿದ ಮೇಲೆ ಚಂದ್ರಗುತ್ತಿಗೋ, ಮೈಲಾರದ ಕಾರಣಿಕಕ್ಕೋ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಕಮಾನು ಗಾಡಿ ಹೂಡಿ ಹೊರಡುವುದು. ಬಿದಿರ ದಬ್ಬೆಯ ಕಮಾನಿಗೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕಂಬಳಿ. ರೊಟ್ಟಿ ಬುತ್ತಿ, ಚಟ್ನಿಪುಡಿ, ಅಕ್ಕಿ, ಬೇಳೆ, ಪಾತ್ರೆ. ಅಚ್ಚಿನ ಕೆಳಗೆ ತೂಗುವ ಲಾಟೀನು, ಕೀಲೆಣ್ಣೆಯ ಗೊಟ್ಟ. ಹಾಸಿದ ಹುಲ್ಲೇ ದಾರಿಯಲ್ಲಿ ಎತ್ತುಗಳ ಮೇವು. ನಾಲ್ಕಾರು ಗಾಡಿ ಒಟ್ಟಿಗೆ ಹೊರಟರೆ ಕಳ್ಳಕಾಕರ ಭಯ ಕಡಿಮೆ. ಕಾಸಿನ ಖರ್ಚೆಂದರೆ ದೇವರ ಕಾಣಿಕೆ, ಮಕ್ಕಳ ಬೆಂಡು ಬತ್ತಾಸು, ಹೆಂಗಸರ ಬಳೆ ಅಷ್ಟೇ. ಮೈಲಾರಕ್ಕೆ, ಸವದತ್ತಿಗೆ ಗಾಡಿ ಕಟ್ಟಿಕೊಂಡು ಹೋಗುವವರು ಈಗಲೂ ಇದ್ದಾರೆ.

ಈ ಪ್ರಯಾಣವನ್ನು ಅಗ್ಗವಾಗಿಸಿದ್ದು ದಾರಿಯ ಮೇಲಿನ ಧರ್ಮ. ಊರ ಮುಂದಿನ ಅರಳಿಕಟ್ಟೆ, ಕೆರೆ ಏರಿ, ಗುಂಡುತೋಪು, ಬೇಸಿಗೆಯ ಅರವಟ್ಟಿಗೆ, ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ನೆಟ್ಟ ಎತ್ತರದ ಕಲ್ಲು, ಸತ್ರ. ಇವುಗಳ ಒಡೆಯರು ಯಾರೇ ಇರಲಿ, ದಾರಿಹೋಕನನ್ನು ಏಳೆನ್ನುವವರು ಇರಲಿಲ್ಲ. ಸವಳಂಗ ರಸ್ತೆ ಹಿಡಿದು ಶಿಕಾರಿಪುರ ದಾಟಿದರೆ ಸಿಗುವ ಬಳ್ಳಿಗಾವಿಯಲ್ಲಿ ಕಾಳಾಮುಖ ಯತಿಗಳ ಕೋಡಿಯಮಠವಿತ್ತು. ಅದರ ಬಗೆಗಿನ 1162ರ ಶಾಸನ ಅಲ್ಲಿ ಅನ್ನ ಸಿಗುತ್ತಿದ್ದವರನ್ನು ಪಟ್ಟಿ ಮಾಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಥೆ ಹೇಳುವವರು, ಹಾಡುವವರು, ನಾನಾ ದೇಶದ ಭಿಕ್ಷುಕರು. ರೋಗಿಗಳಿಗೆ ಔಷಧ, ಸಕಲ ಜೀವಿಗಳಿಗೆ ಅಭಯ. ದಾರಿಯಲ್ಲಿ ಬಂದವನ ಊರು ಕುಲ ವಿಚಾರಿಸಿ ಅನ್ನ ಇಡುವ ಮಾತು ಆ ಪಟ್ಟಿಯಲ್ಲಿಲ್ಲ.

ಆದರೆ ಈ ಧರ್ಮಕ್ಕೆ ಗಡಿಯೂ ಇತ್ತು. ಸತ್ರದ ಜಗಲಿ ಎಲ್ಲ ಜಾತಿಗೂ ಒಂದೇ ರೀತಿ ತೆರೆದಿರಲಿಲ್ಲ. ಕೆರೆಯ ಎಲ್ಲ ಮೆಟ್ಟಿಲೂ ಎಲ್ಲರಿಗಲ್ಲ. ಸಾವಿರ ಎತ್ತಿನ ತಾಂಡಾ ಊರ ಹೊಲದ ಬದಿಗೆ ಬಂದಿಳಿದರೆ ಒಕ್ಕಲಿಗೆ ಪೈರಿನ ಭಯ. ಲಂಬಾಣಿಗಳು ಊರಾಚೆಯ ಬಯಲನ್ನು, ಕಾಡಂಚನ್ನು ಆರಿಸಿಕೊಂಡದ್ದಕ್ಕೆ ಎತ್ತಿನ ಮೇವು ಒಂದೇ ಕಾರಣವಲ್ಲ.

ದಾರಿ ಮುಚ್ಚಿದ್ದು ಹೇಗೆ?

19ನೇ ಶತಮಾನದಲ್ಲಿ ಮೂರು ಬದಲಾವಣೆಗಳು ಒಂದರ ಹಿಂದೊಂದು ಬಂದವು. ಮೊದಲನೆಯದು ಗಾಡಿ ಓಡುವ ರಸ್ತೆ ಮತ್ತು ರೈಲು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದ ಮೇಲೆ ಪುಣೆಗೆ ಹಳಿ ಬಿತ್ತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ತಾಂಡಾ ವಾರಗಟ್ಟಲೆ ನಡೆದು ತರುತ್ತಿದ್ದ ಸರಕನ್ನು ರೈಲು ಒಂದು ದಿನದಲ್ಲಿ ತಂದು ಇಳಿಸಿತು.

ಎರಡನೆಯದು ಅರಣ್ಯ. ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ಆರಂಭವಾಯಿತು, 1900ರಲ್ಲಿ ಅರಣ್ಯ ಕಾಯಿದೆ ಬಂತು. ಹುಲ್ಲು ಸಿಗುತ್ತಿದ್ದ ಕಾಡಿಗೆ ಎಲ್ಲೆಕಲ್ಲು ಬಿತ್ತು, ದನ ನುಗ್ಗಿದರೆ ದಂಡ ಬಿತ್ತು. ಕಸುಬಿನ ಲೆಕ್ಕವೇ ತಲೆಕೆಳಗಾಯಿತು. ಪುಕ್ಕಟೆ ಮೇವು ಇಲ್ಲದ ಮೇಲೆ ಹೇರೆತ್ತು ಸಾಕುವುದು ನಷ್ಟದ ಬಾಬತ್ತು.

ಮೂರನೆಯದು ಕಾನೂನು. 1871ರಲ್ಲಿ ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ಗಳ ಕಾಯಿದೆ ತಂದಿತು. 1911ರಲ್ಲಿ ಅದು ಮದರಾಸು ಪ್ರಾಂತಕ್ಕೂ ವಿಸ್ತರಿಸಿತು, ಅಲ್ಲಿನ ಲಂಬಾಣಿಗಳ ಕೆಲವು ಗುಂಪುಗಳೂ ಪಟ್ಟಿ ಸೇರಿದವು. ಊರಿಂದ ಊರಿಗೆ ಹೋಗುವುದೇ ಅನುಮಾನಕ್ಕೆ ಕಾರಣವಾಯಿತು. ಒಂದು ಕಾಲಕ್ಕೆ ಸೈನ್ಯಗಳು ದಾರಿ ಕಾದು ಬರಮಾಡಿಕೊಂಡಿದ್ದ ಜನ ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕುವಂತಾಯಿತು. ಆ ಕಾಯಿದೆ ರದ್ದಾದದ್ದು 1952ರಲ್ಲಿ.

ಹೇರು ಇಳಿಸಿದ ತಾಂಡಾಗಳು ಇಳಿದಲ್ಲೇ ಊರಾದವು. ಆದರೆ ಕಂದಾಯದ ಕಡತದಲ್ಲಿ ಅವು ಊರುಗಳಾಗಿರಲಿಲ್ಲ. ನಿಂತ ನೆಲ ಗೋಮಾಳದ್ದೋ, ಅರಣ್ಯದ್ದೋ, ಇನ್ನೊಬ್ಬರದೋ ಎಂಬ ತಕರಾರು ತಲೆಮಾರುಗಳ ಕಾಲ ಉಳಿಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 52 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ಎತ್ತಿನಿಂದ ಹಸುಬೆ ಇಳಿಸಿ 100 ವರ್ಷ ಕಳೆದ ಮೇಲೆ ‘ಇದು ನಿಮ್ಮ ಜಾಗ’ ಎಂಬ ಕಾಗದ ಕೈಗೆ ಬಂತು. ಅದು ಇನ್ನೂ ಕೈಸೇರದ ತಾಂಡಾಗಳೂ ಇವೆ. ಕೆಲಸ ಅರಸಿ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಮಕ್ಕಳು ಮರಿಗಳೊಡನೆ ಗಂಟುಮೂಟೆ ಕಟ್ಟುವುದು ನಿಂತಿಲ್ಲ. ಹೊಲದಂಚಿನ ಗುಡಿಸಲೇ ಅವರ ತಿಂಗಳುಗಟ್ಟಲೆಯ ಬಿಡಾರ.

ಉಳಿದ ಪಟ್ಟಿ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ದನ ಕುರಿಗಳನ್ನು ನಡೆಸಿಕೊಂಡು ಹೋಗಲೆಂದೇ ಮೀಸಲಿಟ್ಟ ಸಾರ್ವಜನಿಕ ಭೂಮಿಯ ಪಟ್ಟಿಗಳಿವೆ. ಅಲ್ಲಲ್ಲಿ ನೀರಿನ ನೆಲೆ, ಉದ್ದಕ್ಕೂ ಹುಲ್ಲು. ಜನ ಅದಕ್ಕೆ ‘ಉದ್ದನೆಯ ಹುಲ್ಲುಗಾವಲು’ ಎಂಬ ಅರ್ಥದ ಅಡ್ಡಹೆಸರು ಇಟ್ಟಿದ್ದಾರೆ. ಲಾರಿ ಬಂದ ಮೇಲೆ ದನ ನಡೆಸುವುದು ಕಡಿಮೆಯಾದರೂ ಈ ಭೂಮಿಯ ಬಹುಭಾಗ ಉಳಿಯಿತು. ಬರಗಾಲದಲ್ಲಿ ರೈತರು ಈಗಲೂ ಅಲ್ಲಿಗೆ ದನ ಹೊಡೆಯುತ್ತಾರೆ. ಹೆದ್ದಾರಿಗಳಲ್ಲಿ ವಿಶ್ರಾಂತಿ ತಾಣಗಳೂ ಇವೆ, ರಜೆಯ ದಿನಗಳಲ್ಲಿ ಸ್ವಯಂಸೇವಕರು ಚಾಲಕರಿಗೆ ಪುಕ್ಕಟೆ ಚಹಾ ಕೊಡುವ, ನಮ್ಮ ಅರವಟ್ಟಿಗೆಯನ್ನು ನೆನಪಿಸುವ ನಿಲ್ದಾಣಗಳೂ ಇವೆ. ಹಳೆಯ ವ್ಯಾನಿನ ಬಡ ಪ್ರವಾಸಿ ಕೈ ಸುಡದೆ ದೇಶ ಸುತ್ತುವುದು ಇಂಥ ಜಾಗಗಳ ಬಲದಿಂದ. ಸಮುದ್ರ ತೀರದ ನಗರಗಳಲ್ಲಿ ವ್ಯಾನಿನೊಳಗೆ ಮಲಗಿದರೆ ಅಲ್ಲೂ ದಂಡವೇ.

ಆ ದೇಶದ ಕಥೆಯಲ್ಲೂ ಕಹಿಯಿದೆ. ದನದ ದಾರಿಗಳಲ್ಲಿ ಹಲವು, ಅಲ್ಲಿನ ಮೂಲನಿವಾಸಿಗಳು ನೀರಿನಿಂದ ನೀರಿಗೆ ನಡೆದು ಮೂಡಿಸಿದ್ದ ಕಾಲುದಾರಿಗಳು. ದಾರಿ ಉಳಿಯಿತು, ಅದನ್ನು ಮೂಡಿಸಿದವರು ತಮ್ಮ ನೆಲದಿಂದ ಎಬ್ಬಿಸಲ್ಪಟ್ಟರು.

ಮನೆಯನ್ನು ಜೊತೆಗೊಯ್ಯುವ ಪ್ರಯಾಣ ಮೋಜೋ ಕಷ್ಟವೋ ಎಂಬುದನ್ನು ಗಾಡಿ ಹೇಳುವುದಿಲ್ಲ. ಹಿಂದಿರುಗಲು ಒಂದು ಮನೆ ಇದ್ದವನಿಗೆ ಅದು ಪ್ರವಾಸ. ಇಳಿದ ಕಡೆಯಲ್ಲೆಲ್ಲ ‘ಏಳು’ ಎನಿಸಿಕೊಂಡವನಿಗೆ ಅದೇ ಪ್ರಯಾಣ ಅಲೆದಾಟ. ಸವಳಂಗ ರಸ್ತೆಯ ಇಕ್ಕೆಲದ ಬಯಲು ನಿವೇಶನವಾಗುತ್ತಿರುವ ಈ ದಿನಗಳಲ್ಲಿ ಮರದ ನೆರಳು, ಕುಡಿಯುವ ನೀರು, ಕಾಸು ಕೇಳದ ನಾಲ್ಕು ಮಾರು ನೆಲ ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕಬೇಕು. ಬರುವ ಫೆಬ್ರವರಿಯಲ್ಲೂ ಮಾಲಾಧಾರಿಗಳು ಸೂರಗೊಂಡನಕೊಪ್ಪದ ಕಡೆ ಹೊರಡುತ್ತಾರೆ. ಅವರಿಗೂ ನಡುದಾರಿಯಲ್ಲಿ ಕತ್ತಲಾಗುತ್ತದೆ.